ಬಾಟಲಿ ಬಿಡಿಸಿದವಳು

ನಾನು ಹಲ್ಲಿನ ಡಾಕ್ಟರು. ಬಾಯಿ ಬಿಡಿಸುವುದು ನನ್ನ ಕೆಲಸ, ಬೈಯುವುದು ನನ್ನ ಚಟ. ಆ ದಿನ ಸಂತಪುರದ ಅಂಗನವಾಡಿಯಲ್ಲಿ ಎರಡನ್ನೂ ಮಾಡಿದೆ.

ಔರಾದ, ಭಾಲ್ಕಿ ತಾಲೂಕುಗಳಲ್ಲಿ ಚಿಕ್ಕ ಮಕ್ಕಳ ಹಲ್ಲು ಯಾಕೆ ಹುಳುಕಾಗುತ್ತವೆ ಎಂಬ ಸರ್ವೆ ಅದು. ಆರು ತಿಂಗಳಲ್ಲಿ ಪ್ರತಿ ಊರಿಗೂ ಮೂರು ಸಲ ಹೋಗಬೇಕು. ಮಲಗುವಾಗ ಬಾಟಲಿ ಕೊಡುತ್ತೀರಾ? ಹಾಲಿಗೆ ಸಕ್ಕರೆ ಹಾಕುತ್ತೀರಾ? ನಿಮ್ಮ ಎಂಜಲು ಚಮಚದಲ್ಲೇ ಉಣಿಸುತ್ತೀರಾ? ತಾಯಂದಿರು ಎಲ್ಲದಕ್ಕೂ ‘ಇಲ್ರೀ’ ಎನ್ನುತ್ತಿದ್ದರು. ಮಕ್ಕಳ ಕೈಯಲ್ಲಿ ಬಿಸ್ಕೀಟು ಇರುತ್ತಿತ್ತು.

ಲೈನ್‌ಮನ್ ಕಪಿಲ ಒಬ್ಬನೇ ಎಲ್ಲದಕ್ಕೂ ‘ಹೌದ್ರೀ’ ಎಂದ. ಅವನ ತೊಡೆಯ ಮೇಲೆ ಮೂರು ವರ್ಷದ ಸಪನಾ ಕೂತಿದ್ದಳು. ಮುಂದಿನ ನಾಲ್ಕು ಹಲ್ಲು ಕಪ್ಪಾಗಿ ಸವೆದಿದ್ದವು. ಹಾಲಿಗೆ ಎರಡು ಚಮಚ ಸಕ್ಕರೆ. ಬಿಸಿ ನೋಡಲು ಮೊದಲು ತಾನೇ ಒಂದು ಗುಟುಕು ಹೀರಿ, ಆಮೇಲೆ ಅದೇ ಬಾಟಲಿಯನ್ನು ಅವಳ ಬಾಯಿಗಿಡುತ್ತಿದ್ದನಂತೆ. ಅದನ್ನು ಚೀಪುತ್ತಲೇ ಅವಳಿಗೆ ನಿದ್ದೆ.

"ಹಾಲಹಲ್ಲು ಅಲ್ಲೇನ್ರಿ, ಹ್ಯಾಂಗೂ ಬೀಳ್ತಾವ," ಎಂದ.

ನನಗೆ ಪಿತ್ತ ನೆತ್ತಿಗೇರಿತು. "ಬೀಳೂತನಾ ನೋವು ತಿನ್ನಾಕಿ ಈಕಿ. ಈಕಿ ಅವ್ವ ಏನ್ ಮಾಡ್ತಾರ್ರೀ ಮನ್ಯಾಗ? ಮುಂದಿನ ಸಲ ಅವರನ್ನ ಕಳಸ್ರಿ."

ಅವನು ಮಗುವಿನ ತುಟಿ ಒರೆಸಿ ಎದ್ದು ನಡೆದ. ಮಗು ಅವನನ್ನು ‘ಮಾಮಾ’ ಎಂದು ಕರೆದದ್ದು ಕೇಳಿಸಿತು.

ಅಂಗನವಾಡಿ ಟೀಚರ್ ಶಾಲುಬಾಯಿ ಆಮೇಲೆ ಹೇಳಿದರು. ಸಪನಾ ಅವನ ಅಕ್ಕನ ಮಗಳು. ಅಕ್ಕ ತೀರಿಕೊಂಡು ಎರಡು ವರ್ಷ. ಭಾವ ಬೇರೆ ಮದುವೆಯಾಗಿದ್ದಾನೆ. ಬಾಟಲಿ ಇಲ್ಲದಿದ್ದರೆ ಮಗು ಅವ್ವ ಬೇಕೆಂದು ಅಳುತ್ತದೆ. ಮಗುವನ್ನು ಬೇರೆಲ್ಲಾದರೂ ಬಿಟ್ಟರೆ ಹೆಣ್ಣು ಕೊಡುತ್ತೇವೆ ಎಂದವರನ್ನು ಕಪಿಲ ಎರಡು ಸಲ ಕೈಮುಗಿದು ಕಳಿಸಿದ್ದಾನೆ.

ಆ ಸಂಜೆ ಬೀದರದ ನನ್ನ ಬಾಡಿಗೆ ಕೋಣೆಯಲ್ಲಿ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಸರ್ವೆ ಫಾರಂನಲ್ಲಿ ಅವನ ನಂಬರು ಹುಡುಕಿದೆ. ಎಂಟು ಗಂಟೆಗೆ ಅವನಿಗೆ ಫೋನ್ ಹಚ್ಚಿ ತಪ್ಪಾಯಿತೆಂದೆ. ಅವನ ದನಿಯ ಹಿಂದೆ ಮಗು ಮಲಗಲೊಲ್ಲದೆ ರಂಪ ಮಾಡುವುದು ಕೇಳಿಸಿತು. ಫೋನನ್ನು ಅವಳ ಕಿವಿಗೆ ಹಿಡಿಯಲು ಹೇಳಿ, ಹಲ್ಲುಜ್ಜಿಕೊಳ್ಳಲು ಒಲ್ಲದ ಆಡಿನಮರಿಯ ಕಥೆ ಕಟ್ಟಿ ಹೇಳಿದೆ. ರಂಪ ನಿಂತಿತು.

ಅಂದಿನಿಂದ ದಿನಾ ಎಂಟಕ್ಕೆ ಅವನ ಫೋನ್. ಎರಡು ಚಮಚ ಸಕ್ಕರೆ ಒಂದಾಯಿತು, ಆಮೇಲೆ ಬಾಟಲಿಯಲ್ಲಿ ಬರೀ ನೀರು, ಕೊನೆಗೆ ಬಾಟಲಿಯೇ ಹೋಯಿತು. ಮಗು ಮಲಗಿದ ಮೇಲೂ ಅವನು ಫೋನ್ ಇಡುತ್ತಿರಲಿಲ್ಲ, ನಾನೂ ಇಡುತ್ತಿರಲಿಲ್ಲ. ಡಾಬಕಾ ಊರ ಕಡೆ ಕರೆಂಟಿನ ವೈರ್ ಹರಿದದ್ದನ್ನು ಅವನು ಹೇಳುತ್ತಿದ್ದ, ನನ್ನ ಬೆರಳು ಕಚ್ಚಿದ ಮಕ್ಕಳ ಸುದ್ದಿಯನ್ನು ನಾನು. ನನಗೆ ಮೂವತ್ತಾರು, ಮದುವೆಯಾಗಿಲ್ಲ. ನನ್ನ ದಿನ ಹೇಗಿತ್ತೆಂದು ಕೇಳುವವರು ಬೇರೆ ಯಾರೂ ಇರಲಿಲ್ಲ. ಭಾಲ್ಕಿಯ ನಮ್ಮ ಮನೆಗೆ ಹೋದರೂ ಯಾವಾಗ ಬಂದೆ, ಯಾವಾಗ ಹೋಗುತ್ತೀ, ಅಷ್ಟೇ.

ಮೂರನೇ ತಿಂಗಳಿಗೆ ಸಪನಾ ಕಥೆ ಇಲ್ಲದೆಯೇ ಮಲಗತೊಡಗಿದಳು. ಫೋನ್ ನಿಂತಿತು. ಔಷಧ ಫಲಿಸಿತ್ತು, ಡಾಕ್ಟರಿಗೆ ಖುಷಿಯಾಗಬೇಕಿತ್ತು. ನಾನು ಎಂಟಕ್ಕೆ ಫೋನ್ ಮುಂದಿಟ್ಟುಕೊಂಡು ತಟ್ಟೆಯ ರೊಟ್ಟಿ ಆರಿ ಒಣಗುವವರೆಗೂ ಕೂತಿರುತ್ತಿದ್ದೆ. ನಾನೇ ಹಚ್ಚಬಹುದಿತ್ತು. ಏನೆಂದು ಹಚ್ಚಲಿ?

ಕೊನೆಯ ಸಲ ಸಂತಪುರಕ್ಕೆ ಹೋದಾಗ ಸಪನಾ ತಾನಾಗಿಯೇ ಬಾಯಿ ಅಗಲಿಸಿದಳು. ಹೊಸ ಹುಳುಕಿರಲಿಲ್ಲ. ಫಾರಂ ತುಂಬಿ ಕಪಿಲನ ಸಹಿ ಹಾಕಿಸಿಕೊಂಡೆ. ಇನ್ನು ಈ ಊರಿಗೆ ಬರಲು ನನಗೆ ಕಾರಣವಿರಲಿಲ್ಲ.

ಅವನು ಚಹಾ ತಂದ. "ಎಂಜಲಿಲ್ರೀ, ಬ್ಯಾರೆ ಬ್ಯಾರೆ ಕಪ್," ಎಂದು ಕಣ್ಣಲ್ಲೇ ನಕ್ಕ. ನಾನು ನೋಡುತ್ತಿದ್ದಂತೆ ಆ ನಗು ಇಳಿಯಿತು. ಸಪನಾ ಈಗ ಛಲೋ ಮಲಗುತ್ತಾಳೆ ಎಂದ. ಗೊತ್ತು, ಫಾರಂನಲ್ಲಿ ಬರೆದೆನಲ್ಲ ಎಂದೆ.

"ನನಗ ನಿದ್ದಿ ಹತ್ತಂಗಿಲ್ರೀ. ಅದು ನಿಮ್ಮ ಫಾರಂನ್ಯಾಗ ಇಲ್ಲ. ಕೂಸು ಮಲಗ್ಯದ ಅಂದಮ್ಯಾಲ ಏನ್ ನೆಪ ಹೇಳಿ ಫೋನ್ ಹಚ್ಚಲಿ?"

ಊರ ಮಕ್ಕಳ ಬಾಯೆಲ್ಲ ಬಿಡಿಸಿದವಳ ಬಾಯಿ ಕಟ್ಟಿತು. ರಸ್ತೆಯಲ್ಲಿ ಬೀದರದ ಬಸ್ಸು ಹಾರ್ನ್ ಹೊಡೆಯಿತು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿದೆ.

"ಎಂಟಕ್ಕ ಹಚ್ರಿ. ನೆಪ ಬ್ಯಾಡ."

ಎಂಟಕ್ಕೆ ಐದು ನಿಮಿಷ ಇರುವಾಗಲೇ ಫೋನ್ ಬಂತು. ಸಪನಾ ಮಲಗಿದ್ದಳು. ಕಥೆ ಹೇಳಲೇ ಎಂದು ಕೇಳಿದೆ. ಬೇಡ, ಸುಮ್ಮನೆ ಲೈನಿನಲ್ಲಿರಿ ಸಾಕು ಎಂದ. ಫೋನನ್ನು ತಟ್ಟೆಯ ಪಕ್ಕ ಇಟ್ಟುಕೊಂಡು, ರೊಟ್ಟಿ ಬಿಸಿಯಿರುವಾಗಲೇ ಉಂಡೆ.