ಹದಿಮೂರು ದಿನ ತಡವಾದ ಪುಟ

"ಮೊದಲು ಆ ಪುಸ್ತಕದ ಮೇಲಿಂದ ಕೈ ತೆಗೀರಿ."

ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ, ಅವಳ ಮೇಜಿನಾಚೆ ನಿಂತಿದ್ದವನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. ಅಷ್ಟರಲ್ಲೇ ಆಗಬಾರದ್ದು ಆಗಿಹೋಗಿತ್ತು. ಎಂಬತ್ತು ವರ್ಷ ಹಳೆಯ ಜನನ ರಿಜಿಸ್ಟರಿನ ರಟ್ಟಿಗೆ ಕಪ್ಪು ಜಿಡ್ಡು ಮೆತ್ತಿಕೊಂಡಿತ್ತು.

"ಸಾರಿ ಮೇಡಂ... ತಕ್ಕಡಿ ರಿಪೇರಿ ನನ್ನ ಕೆಲಸ. ಎಷ್ಟು ತೊಳೆದರೂ ಗ್ರೀಸ್ ಪೂರ್ತಿ ಹೋಗಲ್ಲ."

"ಹೋಗೋ ತನಕ ತೊಳೀರಿ. ಹೊರಗೆ ನಲ್ಲಿ ಇದೆ. ಸೋಪೂ ಇದೆ."

ಅವನು ಮರುಮಾತಾಡದೆ ಹೋದ. ಕಾಲು ಗಂಟೆಯ ಮೇಲೆ ಬಂದು, ತಿಕ್ಕಿ ತಿಕ್ಕಿ ಕೆಂಪಾಗಿದ್ದ ಅಂಗೈಗಳೆರಡನ್ನೂ ಅವಳ ಮುಂದೆ ಚಾಚಿ ನಿಂತ. ಮೂವತ್ತೈದು ದಾಟಿದ ಗಂಡಸು, ಉಗುರು ತೋರಿಸುವ ಶಾಲಾಮಗುವಿನ ಹಾಗೆ...

ಅವಳಿಗೆ ನಗು ಉಕ್ಕಿ ಬಂತು. ನಕ್ಕರೆ ಹನ್ನೊಂದು ವರ್ಷದಿಂದ ಕಾಪಾಡಿಕೊಂಡು ಬಂದ ಗಾಂಭೀರ್ಯ ಮಣ್ಣುಪಾಲಾಗುತ್ತಿತ್ತು. ಹಾಗಾಗಿ ಮುಖ ಗಂಟಿಕ್ಕಿಕೊಂಡೇ ಕೇಳಿದಳು.

"ಏನಾಗಬೇಕಿತ್ತು?"

"ಒಬ್ಬರು ಎಲ್ಲಿ ಹೋದರು ಅಂತ ಗೊತ್ತಾಗಬೇಕಿತ್ತು."

"ಯಾವಾಗ ಹೋದರು?"

"ಎಂಬತ್ತೊಂದು ವರ್ಷ ಆಯ್ತು."

ಅವಳು ಪೆನ್ನು ಕೆಳಗಿಟ್ಟು ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ.

ಕಚೇರಿಯಲ್ಲಿ ಅವಳಿಗೆ ಒಂದು ಅಡ್ಡಹೆಸರಿತ್ತು: ಗೆದ್ದಲು ಮೇಡಂ. ಹಳೇ ಕಾಗದಗಳ ನಡುವೆಯೇ ಬದುಕುವವಳು ಅಂತ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಆದರೆ ಅವಳಿಗೆ ಗೊತ್ತಿತ್ತು. ಬೇಸರವೂ ಇರಲಿಲ್ಲ. ಹಾಸಿಗೆ ಹಿಡಿದ ಅಪ್ಪನನ್ನು ಎಂಟು ವರ್ಷ ನೋಡಿಕೊಳ್ಳುವಷ್ಟರಲ್ಲಿ ಬರುವ ಸಂಬಂಧಗಳು ತಾವಾಗಿಯೇ ನಿಂತುಹೋಗಿದ್ದವು. ಈಗ ಅಪ್ಪನೂ ಇಲ್ಲ. ಅಣ್ಣನ ಮನೆಯ ಮಹಡಿ ಮೇಲೊಂದು ಕೋಣೆ, ಇಲ್ಲಿ ಈ ಕೋಣೆ. ಎರಡರಲ್ಲೂ ಅವಳನ್ನು ಕಾಯುವವರು ಯಾರೂ ಇರಲಿಲ್ಲ.

ಅವನು ಕೂತು ಹೇಳತೊಡಗಿದ. ಅವನನ್ನು ಸಾಕಿದ್ದು ಅಜ್ಜಿ, ಅಮ್ಮನ ಅಮ್ಮ. ಅಜ್ಜಿಗೆ ಈಗ ಎಂಬತ್ತನಾಲ್ಕು. ಅವಳು ಮೂರು ವರ್ಷದವಳಿದ್ದಾಗ ಅವಳ ಅಮ್ಮ, ಗಂಡ ತೀರಿಹೋಗಿದ್ದ ಹೆಂಗಸು, ಮಗುವನ್ನು ನಾದಿನಿಯ ಮನೆಯಲ್ಲಿ ಬಿಟ್ಟು ಹೊರಟುಹೋದಳಂತೆ. ಮತ್ತೆ ಬರಲೇ ಇಲ್ಲ.

"ಯಾರ ಜೊತೆಗೋ ಓಡಿಹೋದಳು ಅಂತ ಊರೆಲ್ಲ ಮಾತಾಡಿತು. ಅಜ್ಜಿ 'ಓಡಿಹೋದವಳ ಮಗಳು' ಅನ್ನಿಸಿಕೊಂಡೇ ದೊಡ್ಡವಳಾದಳು. ಮನೆಯಲ್ಲಿ ಯಾರೂ ಆ ಸುದ್ದಿ ಎತ್ತೋ ಹಾಗಿರಲಿಲ್ಲ. ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ನನ್ನ ಕೇಳಿದಳು... ನಮ್ಮಮ್ಮ ಎಲ್ಲಿ ಹೋದಳು ಅಂತ ಸರ್ಕಾರದ ಪುಸ್ತಕದಲ್ಲಿ ಬರೆದಿರ್ತಾರೇನೋ, ಅಂತ."

ಅವನ ದನಿ ಸಣ್ಣದಾಗಿತ್ತು.

"ಬರೆದಿರ್ತಾರಾ ಮೇಡಂ?"

"ಬರೆದಿದ್ರೆ ನನಗೆ ಸಿಕ್ಕೇ ಸಿಗುತ್ತೆ," ಅಂದಳು ಅವಳು.

*

ಬುಧವಾರ ಅವನ ಅಂಗಡಿಗೆ ರಜೆ. ಪ್ರತಿ ಬುಧವಾರ ಹತ್ತೂವರೆಗೆ ಬರುತ್ತಿದ್ದ. ನೇರವಾಗಿ ನಲ್ಲಿಯ ಹತ್ತಿರ ಹೋಗಿ, ಕೈ ತೊಳೆದು, ಒರೆಸಿ, ಆಮೇಲೆ ಒಳಗೆ.

ಊರಿನ ಮರಣ ರಿಜಿಸ್ಟರನ್ನು ಎರಡು ಸಲ ನೋಡಿದರು, ಇರಲಿಲ್ಲ. ಕಂದಾಯದ ಪುಸ್ತಕ ನೋಡಿದರು. ಮರುಮದುವೆಯಾಗಿದ್ದರೆ ಸಿಗಬಹುದೆಂದು ಸುತ್ತಲಿನ ಹನ್ನೆರಡು ಹಳ್ಳಿಗಳ ಮದುವೆ ನೋಂದಣಿಯನ್ನೂ ಜಾಲಾಡಿದರು.

ಮೂರನೆಯ ವಾರಕ್ಕೆ ಅವನಿಗೂ ಹಳೆಯ ಕೈಬರಹ ಓದಲು ಬರತೊಡಗಿತು.

"ಈ ಪುಸ್ತಕ ಬರೆದ ಗುಮಾಸ್ತ ಯಾರ ಮುಖಾನೂ ನೋಡಿಲ್ಲ ಮೇಡಂ. ಇಡೀ ಊರಲ್ಲಿ ಒಬ್ಬೊಬ್ಬರಿಗೂ ಒಂದೋ ಇಪ್ಪತ್ತು ವರ್ಷ, ಇಲ್ಲಾ ನಲವತ್ತು."

ಈ ಸಲ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ನಕ್ಕುಬಿಟ್ಟಳು. ಮೂಲೆಯಲ್ಲಿ ಕಡತ ಕಟ್ಟುತ್ತಿದ್ದ ಅಟೆಂಡರ್ ತಲೆಯೆತ್ತಿ ನೋಡಿದ. ಎಲ್ಲರೂ ಅವನನ್ನು ಮಾವ ಅಂತಲೇ ಕರೆಯುತ್ತಿದ್ದರು. ಮೇಡಂ ನಕ್ಕಿದ್ದನ್ನು ಆ ಮಾವ ನೋಡಿದ್ದು ಅದೇ ಮೊದಲು.

ತಕ್ಕಡಿ ರಿಪೇರಿಯವನು ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತರತೊಡಗಿದ. ಕುಂಟುತ್ತಿದ್ದ ಏಣಿಯ ಕಾಲು ಸರಿಮಾಡಿಕೊಟ್ಟ. ಅವಳ ಅಪ್ಪನ ಬಗ್ಗೆ ಕೇಳಿದ, ಕೇಳಿ ಸುಮ್ಮನೆ ಕೂತು ಆಲಿಸಿದ. ಮಂಗಳವಾರ ಸಂಜೆ ಮರುದಿನ ಉಡುವ ಸೀರೆಗೆ ಇಸ್ತ್ರಿ ಹಾಕುತ್ತಾ ಅವಳು ತನಗೆ ತಾನೇ ಗದರಿಕೊಳ್ಳುತ್ತಿದ್ದಳು. 'ಅವನು ಬರೋದು ಅಜ್ಜಿಗೋಸ್ಕರ. ನಿನಗೋಸ್ಕರ ಅಲ್ಲ.'

ಐದನೆಯ ಬುಧವಾರ ಕಳೆದ ಮರುದಿನ, ಗುರುವಾರ ಮಧ್ಯಾಹ್ನ, ಅವಳಿಗೆ ಆ ಪುಟ ಸಿಕ್ಕಿತು.

ಸಿಕ್ಕಿದ್ದು ಯಾವ ಊರಿನ ಪುಸ್ತಕದಲ್ಲೂ ಅಲ್ಲ. ಆ ವರ್ಷ ಕಾಲರಾ ಬಂದಿತ್ತು. ಹೊಳೆಯಾಚೆ ರೋಗಿಗಳಿಗಾಗಿ ಒಂದು ಶೆಡ್ಡು ಹಾಕಿದ್ದರು. ಆ ಶೆಡ್ಡಿನ ದಾಖಲಾತಿ ಪುಸ್ತಕದಲ್ಲಿ ಹೆಸರು, ಊರು, ಗಂಡನ ಹೆಸರು ಎಲ್ಲವೂ ಹೊಂದಿದವು. ಕೊನೆಯ ಅಂಕಣದಲ್ಲಿ ಷರಾ, ಗುಮಾಸ್ತ ಬರೆದ ಟಿಪ್ಪಣಿ. ಅವಳು ಅದನ್ನು ಓದಿದಳು. ಓದಿ, ಇನ್ನೊಮ್ಮೆ ಮೊದಲಿನಿಂದ ಓದಿದಳು.

ನಕಲು ತೆಗೆದು, ಮೊಹರು ಹಾಕಿ, ಹಿಂಬದಿಯಲ್ಲಿ ದಾಖಲೆ ದೊರೆತ ದಿನಾಂಕ ಬರೆದಳು. ಅರ್ಜಿಯಲ್ಲಿ ಅವನ ಫೋನ್ ನಂಬರಿತ್ತು.

ಮಾಡಲಿಲ್ಲ.

'ಬುಧವಾರ ಬರ್ತಾನಲ್ಲ, ಎದುರಿಗೇ ಕೊಡೋಣ.'

ಬುಧವಾರ ಅವನು ಬಂದ. ತೊಳೆದ ಕೈಯಲ್ಲಿ ಫ್ಲಾಸ್ಕು, ಮುಖದ ತುಂಬ ನಗು. ಮೇಜಿನ ಖಾನೆ ಎಳೆಯಲು ಅವಳ ಕೈ ಹೋಯಿತು... ಅಲ್ಲೇ ನಿಂತಿತು. ಕೊಟ್ಟರೆ ಮುಗಿಯಿತು. ಮುಂದಿನ ಬುಧವಾರ ಅವನಿಗೆ ಇಲ್ಲೇನು ಕೆಲಸ?

"ಏನಾದ್ರೂ ಸಿಕ್ತಾ ಮೇಡಂ?"

"ಇಲ್ಲ," ಅಂದಳು. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತೆಂದರೆ ಅವಳಿಗೇ ಹೆದರಿಕೆಯಾಯಿತು. "ಮುಂದಿನ ವಾರ ನೋಡೋಣ."

*

ಮುಂದಿನ ವಾರ ಅವನು ಕೈ ತೊಳೆಯದೆ ಒಳಗೆ ಬಂದ. ಗಡ್ಡ ಬೆಳೆದಿತ್ತು. ಕಣ್ಣು ಕೆಂಪಗಿದ್ದವು.

"ಅಜ್ಜಿಗೆ ಭಾನುವಾರ ಸ್ಟ್ರೋಕ್ ಆಯ್ತು. ಆಸ್ಪತ್ರೆಯಲ್ಲಿದ್ದಾಳೆ. ಮಾತು ನಿಂತುಹೋಗಿದೆ, ಕೇಳಿಸುತ್ತೋ ಇಲ್ವೋ ಗೊತ್ತಿಲ್ಲ." ಅವನು ಮೇಜಿನ ಅಂಚು ಹಿಡಿದುಕೊಂಡ. "ಏನೂ ಸಿಗಲಿಲ್ವಾ?"

ಅವಳು ಖಾನೆ ಎಳೆದು ಕಾಗದ ಕೊಟ್ಟಳು.

ಅವನು ಓದಿದ. ಮತ್ತೆ ಓದಿದ. ಕಣ್ಣೊರೆಸಿಕೊಂಡು ಕಾಗದ ಮಡಚಲು ತಿರುಗಿಸಿದಾಗ ಹಿಂಬದಿಯ ದಿನಾಂಕ ಕಂಡಿತು.

ಬೇರೆ ದಿನಾಂಕ ಬರೆಯಬಹುದಿತ್ತು. ಹಾಗೊಂದು ಯೋಚನೆಯೇ ಅವಳಿಗೆ ಬಂದಿರಲಿಲ್ಲ. ದಾಖಲೆಯಲ್ಲಿ ಸುಳ್ಳು ಬರೆದು ಅವಳಿಗೆ ಅಭ್ಯಾಸವಿರಲಿಲ್ಲ.

"ಇದು... ಹದಿಮೂರು ದಿನದ ಹಿಂದೆ ಸಿಕ್ಕಿದ್ದು."

ಅವಳು ತಲೆ ತಗ್ಗಿಸಿದಳು.

"ಹೋದ ಬುಧವಾರ ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಕೇಳಿದೆ, ಇಲ್ಲ ಅಂದ್ರಿ." ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಹೋದ ಬುಧವಾರ ಅಜ್ಜಿಗೆ ಮಾತು ಬರ್ತಿತ್ತು ಮೇಡಂ."

ಅಷ್ಟೇ ಹೇಳಿ ಹೊರಟುಹೋದ.

ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಮಾವ ಒಂದು ಲೋಟ ನೀರು ತಂದಿಟ್ಟ. ಅವಳು ಅವನಿಗೆ ಎಲ್ಲವನ್ನೂ ಹೇಳಿಬಿಟ್ಟಳು, ಕಾರಣವನ್ನೂ ಸೇರಿಸಿ. ಇಷ್ಟು ವರ್ಷದಲ್ಲಿ ಮಾವನ ಹತ್ತಿರ ಅವಳು ಆಡಿದ ಅತಿ ಉದ್ದದ ಮಾತು ಅದು.

"ಫೋನ್ ಮಾಡಿ ಕ್ಷಮೆ ಕೇಳಲಾ ಮಾವ?"

"ಫೋನಲ್ಲಿ ಕೇಳೋ ಅಂಥದ್ದೇನಮ್ಮ ಇದು?" ಅಂದ ಅವನು. "ಎದ್ದು ಹೋಗು."

*

ಧೈರ್ಯ ಬರಲು ಮೂರು ದಿನ ಬೇಕಾಯಿತು. ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಹೆಂಗಸರ ವಾರ್ಡಿನ ಬಾಗಿಲಲ್ಲಿ ನಿಂತು ಅವಳು ಒಳಗೆ ಕಣ್ಣಾಡಿಸಿದಳು. ಅವನು ಇರಲಿಲ್ಲ. ಔಷಧಿ ತರಲು ಹೋಗಿದ್ದಾನೆಂದು ನರ್ಸ್ ಹೇಳಿದಳು. ಅಜ್ಜಿ ಎರಡು ದಿಂಬಿಗೆ ಒರಗಿದ್ದಳು. ಎಡಗೈ ಅಲುಗುತ್ತಿರಲಿಲ್ಲ. ಕಣ್ಣುಗಳು ಮಾತ್ರ ಚುರುಕಾಗಿದ್ದವು.

"ಅಜ್ಜಿ, ನಾನು ದಾಖಲೆ ಕೋಣೆಯವಳು..."

"ಕೈ ತೊಳಿಸ್ತೀಯಂತಲ್ಲ... ಅವಳೇನೇ?" ಮಾತು ಹಿಂದಿನ ದಿನವಷ್ಟೇ ಮರಳಿತ್ತು. ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

ಅವಳಿಗೆ ಅಳು ಒತ್ತರಿಸಿ ಬಂತು. ಮಂಚದ ಪಕ್ಕ ಕೂತಳು. "ನಾನು ತಪ್ಪು ಮಾಡಿದೀನಿ ಅಜ್ಜಿ. ನಿಮ್ಮಮ್ಮನ ಪುಟ ನನಗೆ ಮುಂಚೆಯೇ ಸಿಕ್ಕಿತ್ತು. ಬಚ್ಚಿಟ್ಟುಕೊಂಡೆ. ಹದಿಮೂರು ದಿನ."

ಅಜ್ಜಿ ಅವಳನ್ನೇ ನೋಡಿದಳು.

"ಸಿಕ್ತಾ?"

"ಅವರು ಹೇಳಲಿಲ್ವಾ?"

"ಮೂರು ಸಲ ಓದೋಕೆ ಕೂತ. ಮೂರು ಸಲಾನೂ ಅತ್ತುಕೊಂಡು ಎದ್ದುಹೋದ. ದಿಂಬಿನ ಕೆಳಗಿದೆ. ನೀನಾದ್ರೂ ಓದು."

ಅವಳು ಕಾಗದ ತೆಗೆದಳು. ಓದುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಸತ್ತವರ ಸಾಲುಗಳನ್ನು ದನಿ ನಡುಗಿಸದೆ ಓದಿದವಳು. ಇಂದೂ ನಡುಗಿಸಬಾರದು ಅಂದುಕೊಂಡಳು.

"ಹೆಂಗಸು, ವಯಸ್ಸು ಇಪ್ಪತ್ತೆರಡು, ನೇಕಾರನ ವಿಧವೆ. ಒಬ್ಬಳೇ ನಡೆದು ಬಂದು ಸೇರಿದ್ದು. ಎರಡನೆಯ ದಿನ ಬೆಳಿಗ್ಗೆ ಮರಣ. ಷರಾ: ಊರಿನಲ್ಲಿ ಮೂರು ವರ್ಷದ ಹೆಣ್ಣು ಮಗುವಿದೆ. ರೋಗ ತಗಲದಿರಲೆಂದು ಮಗುವನ್ನು ಮುಟ್ಟದೆ ಬಂದಿರುವುದಾಗಿ ಹೇಳಿಕೆ. ಗುಣವಾದ ಕೂಡಲೇ ಮಗುವಿನ ಬಳಿಗೆ ಕಳುಹಿಸಬೇಕೆಂದು ಪದೇ ಪದೇ ಕೇಳಿರುತ್ತಾಳೆ. ಹಾದಿ ಮುಚ್ಚಿರುವುದರಿಂದ ಊರಿಗೆ ತಿಳಿಸಲಾಗಿಲ್ಲ."

ವಾರ್ಡಿನಲ್ಲಿ ಯಾರೋ ಕೆಮ್ಮಿದರು.

"ನನಗೆ ನೆನಪಿದೆ," ಅಂದಳು ಅಜ್ಜಿ. "ಅಂಗಳದ ಆ ತುದೀಲಿ ನಿಂತಿದ್ದಳು. ನಾನು ಎತ್ತಿಕೋ ಅಂತ ಕೈ ಚಾಚಿದೆ. ಅವಳು ಹಿಂದಕ್ಕೆ ಸರಿದಳು. ನಾನು ಹತ್ತಿರ ಹೋದಷ್ಟೂ ಸರಿದಳು..." ಉಸಿರು ಎಳೆದುಕೊಂಡಳು. "ನಾನು ಬೇಡವಾದೆ ಅಂದ್ಕೊಂಡಿದ್ದೆ ಕಣೇ. ಇಷ್ಟು ವರ್ಷ."

ಅವಳು ಅಜ್ಜಿಯ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಅತ್ತರು. ಔಷಧಿಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತವನನ್ನು ಇಬ್ಬರೂ ನೋಡಲಿಲ್ಲ.

"ನನ್ನ ಕ್ಷಮಿಸ್ತೀರಾ ಅಜ್ಜಿ?"

"ಎಂಬತ್ತೊಂದು ವರ್ಷ ಕಾದಿದೀನಿ. ಹದಿಮೂರು ದಿನ ಯಾವ ಲೆಕ್ಕ?" ಅಜ್ಜಿ ಕಣ್ಣು ಕಿರಿದು ಮಾಡಿದಳು. "ಆದ್ರೆ ಯಾಕೆ ಬಚ್ಚಿಟ್ಟೆ? ಅದನ್ನ ಹೇಳು."

ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಎದ್ದು ತಿರುಗಿದರೆ ಬಾಗಿಲಲ್ಲಿ ಅವನು.

"ಓದಿಕೊಟ್ಟಿದ್ದಕ್ಕೆ ಥ್ಯಾಂಕ್ಸ್," ಅಂದ, ಅವಳ ಮುಖ ನೋಡದೆ.

ಅವಳು ತಲೆಯಾಡಿಸಿ ಹೊರಟಳು.

*

ಆಮೇಲಿನ ಮೂರು ಬುಧವಾರ ಅವನು ಬರಲಿಲ್ಲ. ಅಜ್ಜಿಯ ಅಮ್ಮನ ಇನ್ನೊಂದು ಗುರುತಿಗಾಗಿ ಅವಳು ಹುಡುಕುವುದನ್ನು ನಿಲ್ಲಿಸಲಿಲ್ಲ. ಈಗ ಅದಕ್ಕೆ ಅರ್ಜಿಯಿರಲಿಲ್ಲ, ಕೇಳುವವರೂ ಇರಲಿಲ್ಲ. ಕೊನೆಗೆ ಸಿಡುಬಿನ ಲಸಿಕೆ ಹಾಕಿದ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು. ಆ ಕ್ಷಣವೇ, ಕೂತ ಜಾಗದಿಂದಲೇ ಅವನಿಗೆ ಫೋನ್ ಮಾಡಿದಳು.

"ಈಗ ತಾನೇ ಇನ್ನೊಂದು ಸಿಕ್ತು. ಐದು ನಿಮಿಷ ಕೂಡ ಆಗಿಲ್ಲ."

ಅವನು ಏನಾದರೂ ಅನ್ನುವ ಮೊದಲೇ ಮುಂದುವರಿಸಿದಳು.

"ಪುಸ್ತಕ ಹೊರಗೆ ತರೋ ಹಾಗಿಲ್ಲ. ಅಜ್ಜೀನ ಕರ್ಕೊಂಡು ಬರೋಕಾಗುತ್ತಾ?"

ಮರುದಿನ ಅವನು ಅಜ್ಜಿಯನ್ನು ಆಟೋದಲ್ಲಿ ಕರೆತಂದು, ಮೆಟ್ಟಿಲ ಮೇಲೆ ಎತ್ತಿಕೊಂಡೇ ಬಂದ. ಮಾವ ಮೇಜು ಒರೆಸಿದ. ಅವಳು ಪುಸ್ತಕ ತೆರೆದು ಅಜ್ಜಿಯ ಮುಂದಿಟ್ಟಳು.

"ನೀವು ಒಂದೂವರೆ ವರ್ಷದವರಿದ್ದಾಗ ಲಸಿಕೆ ಹಾಕಿಸೋಕೆ ನಿಮ್ಮಮ್ಮ ಎತ್ತಿಕೊಂಡು ಬಂದಿದ್ದರು. ಇದು ಅವರ ಹೆಬ್ಬೆಟ್ಟು."

ನೀಲಿ ಶಾಯಿ ಮಾಸಿತ್ತು. ಗೆರೆಗಳು ಮಾತ್ರ ಒಂದೂ ಅಳಿಸಿರಲಿಲ್ಲ. ಅಜ್ಜಿ ತನ್ನ ಸುಕ್ಕುಗಟ್ಟಿದ ಹೆಬ್ಬೆರಳನ್ನು ಅದರ ಪಕ್ಕದಲ್ಲಿಟ್ಟಳು.

"ನನ್ನದಕ್ಕಿಂತ ಚಿಕ್ಕದು," ಅಂದಳು. "ಅಯ್ಯೋ... ಎಷ್ಟು ಚಿಕ್ಕವಳು ನನ್ನ ಅಮ್ಮ."

ಮಾವ ಬೇರೆ ಕಡೆ ನೋಡತೊಡಗಿದ. ಅವಳು ಮೆಲ್ಲಗೆ ಹೊರಗೆ ಬಂದು ಮೊಗಸಾಲೆಯ ಕಂಬದ ಪಕ್ಕ ನಿಂತಳು. ಸ್ವಲ್ಪ ಹೊತ್ತಿಗೆ ಹೆಜ್ಜೆಸಪ್ಪಳ ಕೇಳಿಸಿತು.

"ಅಜ್ಜಿ ಅವತ್ತು ಕೇಳಿದಳಲ್ಲ," ಅಂದ ಅವನು. "ಯಾಕೆ ಅಂತ. ಉತ್ತರ ಕೊಡಲಿಲ್ಲ ನೀವು."

ಇನ್ನೊಂದು ಸುಳ್ಳು ಅವಳಿಂದ ಆಗುವಂತಿರಲಿಲ್ಲ.

"ಆ ಕಾಗದ ಕೊಟ್ಟರೆ ನೀವು ಮತ್ತೆ ಬರಲ್ಲ ಅಂತ."

ಅವಳೇ ಮುಂದುವರಿಸಿದಳು. "ನನ್ನ ಹತ್ತಿರ ಯಾರೂ ಬರೋದಿಲ್ಲ. ಕಾಗದದ ಹತ್ತಿರ ಬರ್ತಾರೆ. ತಪ್ಪು ಅಂತ ಗೊತ್ತಿತ್ತು... ಆದರೂ ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳೋಣ ಅನ್ನಿಸ್ತು."

"ತುಂಬ ಕೋಪ ಬಂದಿತ್ತು ನನಗೆ," ಅಂದ ಅವನು. "ಮೂರು ವಾರ ಕೋಪ ಮಾಡಿಕೊಂಡೇ ಇದ್ದೆ. ಆಮೇಲೆ ನೋಡಿದರೆ, ಕೋಪದಲ್ಲೂ ನಿಮ್ಮನ್ನೇ ನೆನೆಸಿಕೊಳ್ತಾ ಇದ್ದೆ." ಅವನು ಗಂಟಲು ಸರಿಮಾಡಿಕೊಂಡ. "ಮದುವೆ ನೋಂದಣಿ ಪುಸ್ತಕ ಒಂದೇ ದಿನದಲ್ಲಿ ಮುಗಿಸಬಹುದಿತ್ತು. ನಾನು ಎರಡು ವಾರ ಎಳೆದೆ. ಗೊತ್ತಾಗಲಿಲ್ವಾ ನಿಮಗೆ?"

ಅವಳು ತಟ್ಟನೆ ತಲೆಯೆತ್ತಿದಳು.

"ಈಗ ನನಗೆ ಹುಡುಕೋಕೆ ಯಾರೂ ಉಳಿದಿಲ್ಲ," ಅಂದ ಅವನು. "ಇನ್ನು ಮೇಲೆ ಬರೋದಾದ್ರೆ ಕಾರಣ ಇಲ್ಲದೆಯೇ ಬರಬೇಕು. ಬರಲಾ?"

"ಬನ್ನಿ."

"ಅಷ್ಟು ಮರ್ಯಾದೆ ಕೊಟ್ಟು ಕರೆದರೆ ಅರ್ಜಿ ಹಿಡಿದುಕೊಂಡೇ ಬರಬೇಕಾಗುತ್ತೆ."

ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಎರಡನ್ನೂ ಮರೆಮಾಡುವ ಗೋಜಿಗೆ ಅವಳು ಹೋಗಲಿಲ್ಲ.

"ಬಾ," ಅಂದಳು.