ಪರದೆಯಿಲ್ಲದ ಅಂಗಡಿ

ಬಿ.ಸಿ.ರೋಡಿನ ಬಸ್ ನಿಲ್ದಾಣದೆದುರು, ಪರದೆ ಹಾಕದ ಇಂಟರ್ನೆಟ್ ಅಂಗಡಿಯನ್ನು ಆ ಕಾಲದಲ್ಲಿ ತೆರೆದವಳು ಮಾಣಿ ಊರಿನ ಮಿಸ್ರಿಯಾ. ತಾಯಂದಿರು ಹೆಣ್ಣುಮಕ್ಕಳ ಕೈಹಿಡಿದು ಧೈರ್ಯವಾಗಿ ಮೆಟ್ಟಿಲು ಹತ್ತಿದ ಅಂಗಡಿ ಅದೊಂದೇ. ಊರಿನವರು ಅದನ್ನು ಸೇವೆಯೆಂದು ಹೊಗಳಿದರು. ಅದು ಸೇವೆಯಲ್ಲ... ಸೇಡು. ಒಬ್ಬನ ಮೇಲಿನ ಸೇಡಿನಿಂದಲೇ ಅವಳು ಅಲ್ಲಿನ ಒಂದೊಂದು ಮೇಜನ್ನೂ ಜೋಡಿಸಿದ್ದಳು.

ಆ ಒಬ್ಬನ ಹೆಸರು ಉನೈಸ್.

ಅವನನ್ನು ಅವಳು ಮೊದಲು ಕಂಡದ್ದು ೨೦೦೧ರಲ್ಲಿ, ಪಿಯುಸಿ ಫಲಿತಾಂಶ ಬಂದ ವಾರ. ರಸ್ತೆಯಾಚೆ ಅವನ ಸೈಬರ್ ಸೆಂಟರ್. ಪ್ಲೈವುಡ್ಡಿನ ಕ್ಯಾಬಿನ್ನುಗಳು, ಪ್ರತಿಯೊಂದಕ್ಕೂ ಹಸಿರು ಪರದೆ. ಅವಳು ಕುಳಿತೊಡನೆ, ಅದೇ ಮರ್ಯಾದೆಯೆಂದು ಭಾವಿಸಿ ಅವನು ಪರದೆ ಎಳೆದ.

ಅವಳು ಸರ್ರನೆ ಅದನ್ನು ಹಿಂದಕ್ಕೆ ಸರಿಸಿದಳು.

"ಎಳೆಯಬೇಡಿ."

"ಹೋಗುವವರು ಬರುವವರು ನೋಡ್ತಾರೆ ಅಂತ..."

"ನೋಡಲಿ. ನಾನು ಕಾಲೇಜು ಹುಡುಕಲಿಕ್ಕೆ ಬಂದದ್ದು, ಅಡಗಲಿಕ್ಕೆ ಅಲ್ಲ."

ಉನೈಸನ ಕಿವಿ ಕೆಂಪಾಯಿತು. ಮರುದಿನ ಅವಳು ಬಂದಾಗ ಆ ಕ್ಯಾಬಿನ್ನಿಗೆ ಪರದೆಯೇ ಇರಲಿಲ್ಲ.

ಪಾರ್ಶ್ವವಾಯು ಬಡಿದ ಅಜ್ಜಿ ಪಾತುಮ್ಮನ ಕೈಯನ್ನು ನಿತ್ಯ ಮಡಚಿ ಬಿಡಿಸಿ, ಅದು ಮತ್ತೆ ಲೋಟ ಹಿಡಿಯುವಂತೆ ಮಾಡಿದವಳು ಮಿಸ್ರಿಯಾ. ಅದೊಂದು ವಿದ್ಯೆ, ಅದರ ಹೆಸರು ಫಿಸಿಯೋಥೆರಪಿ, ಮೂಡುಬಿದಿರೆಯಲ್ಲೇ ಅದನ್ನು ಕಲಿಸುತ್ತಾರೆ ಎಂಬುದನ್ನೆಲ್ಲ ಅವಳಿಗೆ ತಿಳಿಸಿದ್ದು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತೆರೆದುಕೊಳ್ಳುತ್ತಿದ್ದ ಇಂಟರ್ನೆಟ್ಟಿನ ಪುಟಗಳು. ಟೀಚರ್, ಇಲ್ಲವೇ ನರ್ಸ್ ಎಂದಷ್ಟೇ ಕೇಳಿ ಬೆಳೆದ ಹುಡುಗಿಗೆ ಎದೆ ತುಂಬಿ ಬಂದಿತ್ತು. ಪ್ರಿಂಟ್ ತೆಗೆಯುತ್ತಿದ್ದ ಉನೈಸನ ಮುಖದಲ್ಲೂ ಅದೇ ಬೆಳಕು...

ಆ ಬೆಳಕನ್ನು ನಂಬಿದ್ದೇ ತಪ್ಪೆಂದು ಅವಳಿಗೆ ಅನ್ನಿಸಿದ್ದು ಮುಂದಿನ ಶುಕ್ರವಾರ. ಜುಮಾ ನಮಾಜು ಮುಗಿದ ಹೊತ್ತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಅಂಗಳದಲ್ಲಿ ತಂದೆ ಇಬ್ರಾಹಿಂ ಖಲೀಲರ ಎದುರು ಉನೈಸ್! ಅವನ ಕೈಯಲ್ಲಿ ಅವಳ ಕಾಲೇಜಿನ ಪ್ರಿಂಟುಗಳು. ಮಾತು ಕೇಳಿಸಲಿಲ್ಲ, ತಂದೆಯ ಮುಖ ಕಪ್ಪಿಟ್ಟದ್ದು ಕಂಡಿತು.

ಸಂಜೆ ತಂದೆ ಹೇಳಿದರು: "ನಾಳೆಯಿಂದ ಬಿ.ಸಿ.ರೋಡಿಗೆ ಹೋಗುವುದು ಬೇಡ. ಓದಿದ್ದು ಸಾಕು."

"ನಾನು ಎಂತ ತಪ್ಪು ಮಾಡಿದ್ದು, ಉಪ್ಪಾ?"

"ಆಗುವ ಮೊದಲೇ ಹೇಳುವುದು."

ಅರ್ಜಿಯ ದಿನ ಕಳೆದುಹೋಯಿತು. 'ಚಾಡಿ ಹೇಳಿದನಲ್ಲ... ನನ್ನ ದಾರಿ ಮುಚ್ಚಿದವನ ಬಾಗಿಲನ್ನು ನಾನೇ ಮುಚ್ಚಿಸುತ್ತೇನೆ.' ಅವಳು ಅತ್ತದ್ದು ಒಮ್ಮೆ. ಬಳಿಕ ಅಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಬಂದ ಸಂಬಂಧಗಳನ್ನೆಲ್ಲ ಅವಳು ಬೇಡವೆಂದಳು. ಮೂಡುಬಿದಿರೆಯ ಚಿಕ್ಕಮ್ಮ ಜುಲೈಕಾರ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತಳು, ಬಿ.ಸಿ.ರೋಡಿನಲ್ಲೇ ಅಂಗಡಿ ಇಡುತ್ತೇನೆಂದು ಹಟ ಹಿಡಿದಳು. ಕೊನೆಗೆ ತಂದೆಯೇ ಸೋತು ಷರತ್ತು ಹಾಕಿದರು: "ಅಂಗಡಿ ಇಡು. ಆದರೆ ಪರದೆ ಇರಬಾರದು. ಬಾಗಿಲಲ್ಲಿ ನಾನು ಕೂತಿರ್ತೇನೆ."

ಅವಳು ಒಳಗೊಳಗೇ ನಕ್ಕಳು. ಅವಳಿಗೆ ಬೇಕಾದ ಆಯುಧವೇ ಅದು. ಬಾಗಿಲಲ್ಲಿ ಬಿಳಿಗಡ್ಡದ ಖಲೀಲರು ಪೇಪರ್ ಓದುತ್ತ ಕುಳಿತಿದ್ದರೆ ಯಾವ ತಾಯಿ ಹಿಂಜರಿದಾಳು?

ಒಮ್ಮೆ ಕೊಕ್ಕಡದ ಪೂವಮ್ಮ ಮಗಳು ವಿಸ್ಮಿತಾಳನ್ನು ಕರೆತಂದರು.

"ಇವಳಿಗೆ ಒಳ್ಳೆ ಕೆಲಸ ಎಂತ ಉಂಟು ಅಂತ ಅದರಲ್ಲಿ ಸ್ವಲ್ಪ ನೋಡು ಮಾರಾಯ್ತಿ."

"ಇವಳಿಗೆ ಎಂತ ಇಷ್ಟ ಅಂತ ಮೊದಲು ಹಾಕಬೇಕು."

"ನಮ್ಮ ಮನೆಯಲ್ಲಿ ಯಾರೂ ಕೇಳದ್ದನ್ನು ಈ ಪೆಟ್ಟಿಗೆ ಕೇಳ್ತದಾ?" ಎಂದು ಪೂವಮ್ಮ ನಕ್ಕರು. "ಎದುರಿನವನಲ್ಲಿಗೆ ಹೋಗಿದ್ದೆವು. ನೀವು ಮಿಸ್ರಿಯಾಳ ಅಂಗಡಿಗೇ ಹೋಗಿ ಅಂದ."

'ಸೋಲುತ್ತಿದ್ದಾನೆ...' ಆ ಮಾತು ಮಿಸ್ರಿಯಾಳಿಗೆ ಖರ್ಜೂರದಷ್ಟು ಸಿಹಿಯಾಯಿತು. ಸಿಇಟಿ ಫಲಿತಾಂಶದ ದಿನ ಅವಳ ಅಂಗಡಿಯ ಸಾಲು ರಿಕ್ಷಾ ಪಾರ್ಕಿನವರೆಗೆ ಬೆಳೆದಾಗ ಅವಳು ನೋಡಿದ್ದು ಸಾಲನ್ನಲ್ಲ, ರಸ್ತೆಯಾಚೆಯ ಖಾಲಿ ಕುರ್ಚಿಗಳನ್ನು.

ಒಂದು ಮಧ್ಯಾಹ್ನ ಉನೈಸ್ ಏಣಿ ಹತ್ತಿ ತನ್ನ ಅಂಗಡಿಯ ಬೋರ್ಡು ಇಳಿಸುತ್ತಿರುವುದು ಕಂಡಿತು. ವರ್ಷಗಟ್ಟಲೆ ಕಾದ ದೃಶ್ಯ! ಆದರೆ ಸಂತೋಷ ಬರಬೇಕಾದ ಜಾಗದಲ್ಲಿ ಏನೋ ಚುಚ್ಚಿತು.

"ಮಸ್ಕತ್ತಿಗೆ ಹೋಗ್ತಾನಂತೆ, ಪಾಪ," ಎಂದರು ಬಾಗಿಲಲ್ಲಿದ್ದ ಖಲೀಲರು. "ಅಂದು ನಾನು ಹಾಗೆ ಬೈಯಬಾರದಿತ್ತು."

"ಅಂದು ಅಂದರೆ?"

"ಮನೆಗೆ ಬಂದಿದ್ದನಲ್ಲ. ನಿಮ್ಮ ಮಗಳಿಗೆ ಸೀಟು ಸಿಗ್ತದೆ, ಹಾಸ್ಟೆಲಿನಲ್ಲಿ ನಮಾಜಿಗೆ ಜಾಗ ಉಂಟು, ಕಳಿಸಿಕೊಡಿ ಅಂತ ಬೇಡಿದ. ಹಿರಿಯರು ಯಾರೂ ಜೊತೆಗಿಲ್ಲದೆ, ಹುಡುಗಿಯ ಕಾಗದ ಹಿಡಿದು ಒಬ್ಬನೇ ಬಂದರೆ ತಂದೆಯಾದವ ಎಂತ ತಿಳಿಯಬೇಕು? ಇದು ಬೇರೆಯೇ ವಿಷಯ ಅಂತ ಹೆದರಿದೆ."

ಮಿಸ್ರಿಯಾ ರಸ್ತೆ ದಾಟಿದಳು. ಬಸ್ಸೊಂದು ಹಾರ್ನ್ ಹೊಡೆಯಿತು, ಅವಳಿಗೆ ಕೇಳಿಸಲಿಲ್ಲ.

"ಯಾಕೆ ಹೇಳಲಿಲ್ಲ?"

ಉನೈಸ್ ಏಣಿಯಿಂದ ಇಳಿದ. "ಎಂತ ಹೇಳುವುದು? ನಿಮ್ಮ ಸೀಟು ಹೋದದ್ದು ನನ್ನಿಂದಲೇ ಅಲ್ಲವಾ. ಹಿರಿಯರನ್ನು ಕರಕೊಂಡು ಹೋಗಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನೀವು ಸಿಟ್ಟು ತೀರಿಸಿಕೊಳ್ಳುವುದು ನ್ಯಾಯ ಅನಿಸಿತು."

"ಅದಕ್ಕೇ ಗಿರಾಕಿಗಳನ್ನು ನನ್ನಲ್ಲಿಗೆ ಕಳಿಸಿದ್ದಾ?"

"ಹುಡುಗಿಯರನ್ನು ಮಾತ್ರ. ಅವರಿಗೆ ಅಲ್ಲಿ ಒಳ್ಳೆಯದು."

ಅವಳ ಕಣ್ಣುಗಳು ಉರಿದವು. "ಅಂದರೆ ನನ್ನ ಸೇಡೂ ನಿಮ್ಮ ಉಪಕಾರವಾ? ಅದನ್ನೂ ನನಗೆ ನೆಟ್ಟಗೆ ಮಾಡಲಿಕ್ಕೆ ಬಿಡಲಿಲ್ಲ."

ಅವನು ತಲೆ ತಗ್ಗಿಸಿದ. "ಈಗ ಹೋಗ್ತಾ ಇದ್ದೇನಲ್ಲ..."

"ಹೋಗುವ ಹಾಗಿಲ್ಲ. ಶಿಕ್ಷೆ ಮುಗಿಯಲಿಲ್ಲ." ಅವಳು ಏಣಿಗೆ ಅಡ್ಡ ನಿಂತಳು. "ಈ ವರ್ಷ ಮೂಡುಬಿದಿರೆಗೆ ಮತ್ತೆ ಅರ್ಜಿ ಹಾಕ್ತೇನೆ. ನಾನು ಓದಿ ಬರುವವರೆಗೆ ನನ್ನ ಅಂಗಡಿ ನೀವು ನೋಡಿಕೊಳ್ಳಬೇಕು."

"ನಿಮ್ಮ ಉಪ್ಪ ಒಪ್ತಾರಾ?"

"ಅದಕ್ಕೆ ಮನೆಗೆ ಬಂದು ಕೇಳಬೇಕು." ಅವಳು ಮುಖ ಬೇರೆಡೆ ತಿರುಗಿಸಿದಳು. "ಈ ಸಲ ಒಬ್ಬರೇ ಬರಬೇಡಿ. ಹಿರಿಯರನ್ನು ಕರಕೊಂಡು ಬನ್ನಿ."

ಉನೈಸನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ, ಕೈಯಲ್ಲಿದ್ದ ಬೋರ್ಡನ್ನು ಎಲ್ಲಿ ಇಡಬೇಕೆಂದೇ ಅವನಿಗೆ ತಿಳಿಯಲಿಲ್ಲ.

"ಎಷ್ಟು ಮಂದಿ ಹಿರಿಯರು ಬಂದರು, ಉಮ್ಮಾ?"

ವರ್ಷಗಳ ಬಳಿಕ ಹೀಗೆ ಕೇಳಿದವಳು ಹನಾ. ತಾಯಿಯ ಫಿಸಿಯೋಥೆರಪಿ ಕೋಣೆಯ ಮಂಚದ ಮೇಲೆ ಮಗಳು ಕಾಲಾಡಿಸುತ್ತ ಕುಳಿತಿದ್ದಳು. ಕಿಟಕಿಗೆ ಇಲ್ಲೂ ಪರದೆ ಇರಲಿಲ್ಲ.

"ಒಂದು ಜೀಪು ತುಂಬ," ಎಂದಳು ಮಿಸ್ರಿಯಾ. "ನಿನ್ನ ಉಪ್ಪನಿಗೇ ಕೂರಲು ಜಾಗವಿರಲಿಲ್ಲ. ಹಿಂದೆ ನೇತಾಡಿಕೊಂಡು ಬಂದರು."

"ಶಿಕ್ಷೆ ಈಗಲಾದರೂ ಮುಗಿಯಿತಾ ಅಂತ ಕೇಳು," ಎಂದ ಬಾಗಿಲಲ್ಲಿದ್ದ ಉನೈಸ್.

"ಇಲ್ಲ ಅಂತ ಹೇಳು ಅವರಿಗೆ." ಅವಳು ನಗು ಅದುಮಿದಳು.

ಹನಾ ಇಬ್ಬರನ್ನೂ ನೋಡಿದಳು. ಆಮೇಲೆ ತಾಯಿಯ ಸೆರಗು ಹಿಡಿದೆಳೆದಳು.

"ಉಮ್ಮಾ... ಪರದೆ ಸರ್ರ ಅಂತ ಸರಿಸಿದೆಯಲ್ಲ, ಅಲ್ಲಿಂದ ಇನ್ನೊಮ್ಮೆ ಹೇಳು."