ಎಂಟನೇ ಕೈ

ಅವನ ಕೈ ಮೇಲೆದ್ದಿದ್ದನ್ನ ನಾನು ಕಣ್ಣಾರೆ ಕಂಡೆ. ಎಡಗೈಯಲ್ಲಿ ಟೀ ಲೋಟ, ಬಲಗೈ ಮೇಲೆ. ಬೆರಳಿಗೆ ಅಂಟಿದ ಗೋಂದು ಕೂಡ ಕಾಣಿಸ್ತಿತ್ತು. ದೊಡ್ಡಕ್ಕ ಪೆನ್ನು ಆಡಿಸ್ತಾ ಎಣಿಸಿದ್ರು, "ಆರು, ಏಳು, ಎಂಟು." ಆ ಎಂಟನೇ ಕೈ ಅವನದು.

ಎಂಟು ಕೈ ಹಲಗೆ ಕೀಸೋ ಹೊಸ ಮಷೀನಿಗೆ. ಏಳು ಕೈ ನನ್ನ ಪಾಲಿಶ್ ರೂಮಿನ ಹೊಗೆ ಎಳೆಯೋ ದೊಡ್ಡ ಫ್ಯಾನಿಗೆ. ಈ ವರ್ಷ ಎರಡರಲ್ಲಿ ಒಂದೇ ತರೋಕಾಗೋದು, ಅದು ಮೊದಲೇ ತೀರ್ಮಾನ ಆಗಿತ್ತು. ನಾನು ಸೋತೆ.

ಮೈಯೆಲ್ಲ ಉರಿದು ಹೋಯ್ತು. ಬೇರೆ ಯಾರು ಕೈ ಎತ್ತಿದ್ರೂ ನುಂಗ್ಕೊಳ್ತಿದ್ದೆ. ಆದರೆ ಇವನು? "ಯಾರಿಗೆ ಅಗತ್ಯ ಹೆಚ್ಚೋ ಅವರಿಗೆ ಮೊದಲು" ಅಂತ ನಾಲ್ಕು ವರ್ಷದಿಂದ ನನ್ನ ತಲೆ ತಿಂದವನು ಇವನೇ ಅಲ್ವಾ?

ನಮ್ಮದು ಮೇಜು ಕುರ್ಚಿ ಮಾಡೋ ಕಾರ್ಖಾನೆ. ಮಾಲೀಕ ಒಂದು ದಿನ ಬೀಗ ಜಡಿದು ಹೋದ. ನಾವು ಹದಿನೈದು ಜನ ಸೇರಿ ಬೀಗದ ಕೈ ವಾಪಸ್ ತಂದು, ನಾವೇ ನಡೆಸೋಕೆ ಶುರು ಮಾಡಿದ್ವಿ. ಯಜಮಾನ ಅಂತ ಯಾರೂ ಇಲ್ಲ. ಶನಿವಾರ ಮಧ್ಯಾಹ್ನ ಮೀಟಿಂಗ್, ಎಲ್ಲದಕ್ಕೂ ಕೈ ಎತ್ತಿ ಓಟು. ಹಿಂದೆ ಮಾಲೀಕನ ಲೆಕ್ಕ ಬರೀತಿದ್ದ ದೊಡ್ಡಕ್ಕನೇ ಈಗ ನಮ್ಮ ನಿರ್ಣಯದ ಪುಸ್ತಕ ಬರೆಯೋರು.

ಅವನು ಕುರ್ಚಿಗಳ ಜಾಯಿಂಟ್ ಕೂರಿಸ್ತಾನೆ. ಮೊದಲು ತಮಾಷೆಗೆ "ಕಾಮ್ರೇಡ್" ಅಂದ್ವಿ, ಆಮೇಲೆ ಅದೇ ಹೆಸರಾಯ್ತು. ನಾನು ಪಟಾಕಿ. ಯಾಕೆ ಅಂತ ಕೇಳಬೇಡಿ.

ಟೀ ಟೈಮಲ್ಲಿ ನಮ್ಮಿಬ್ಬರ ಜಗಳ ನೋಡೋಕೆ ಅಂತಾನೇ ಜನ ಬೇಗ ಬೇಗ ಕೈ ತೊಳೆದು ಬರ್ತಿದ್ರು.

"ಐದು ವರ್ಷಕ್ಕೊಂದು ದಿನ ಬೆರಳು ತೋರಿಸಿ ರಾಜ ಆಗೋದು, ಉಳಿದ ದಿನ ಮಾಲೀಕನ ಬಾಗಿಲಲ್ಲಿ ಕೈ ಕಟ್ಟಿ ನಿಲ್ಲೋದು. ಇದಕ್ಕೆ ಪ್ರಜಾಪ್ರಭುತ್ವ ಅಂತೀಯಾ?" ಅಂತಿದ್ದ ಅವನು.

"ಅಯ್ಯೋ, ನಿಮ್ಮ ಕಮ್ಯುನಿಸಂ ಬರೋವರೆಗೂ ಚೆನ್ನಾಗಿರತ್ತಪ್ಪಾ. ಬಂದ ಮೇಲೆ ಬೇಡ ಅನ್ನಿಸಿದ್ರೆ ಓಟು ಹಾಕಿ ಇಳಿಸೋಕೆ ಬಿಡ್ತೀರಾ? ಅದನ್ನ ಹೇಳು ಮೊದಲು."

"ಓಟೂ ಇರಲಿ, ಕಾರ್ಖಾನೇನೂ ಎಲ್ಲರದ್ದಾಗಲಿ. ಎರಡೂ ಜೊತೆಗೆ ಯಾಕಿರಬಾರದು? ನಾವೇ ಮಾಡ್ತಿಲ್ವಾ ಇಲ್ಲಿ?"

"ಇಲ್ಲಿ! ಟೀಗೆ ಸಕ್ಕರೆ ಎಷ್ಟು ಅಂತ ಹದಿನೈದು ಜನ ತೀರ್ಮಾನ ಮಾಡೋಕೆ ಮೂರು ಮೀಟಿಂಗ್ ಆಯ್ತು. ಇನ್ನು ಇಡೀ ದೇಶಕ್ಕೆ ಟೀ ಮಾಡೋದು ಯಾವಾಗ?"

ಎಲ್ಲರೂ ನಗ್ತಿದ್ರು. ಅವನೂ ನಗ್ತಿದ್ದ. ಹಾಗೆ ನಗುವಾಗ ರೆಪ್ಪೆಗೆ ಅಂಟಿದ ಮರದ ಪುಡಿ ಉದುರ್ತಿತ್ತು. ಒರೆಸ್ಕೋ ಮಾರಾಯಾ ಅಂತ ಹೇಳಬೇಕು ಅನ್ನಿಸ್ತಿತ್ತು, ಹೇಳ್ತಿರಲಿಲ್ಲ. ಅರ್ಧ ಆದ ಕುರ್ಚಿ ಎತ್ತಿ ಹಿಡಿದು, ಕಾಲು ನೆಟ್ಟಗಿದೆಯಾ ಅಂತ ನೋಡೋ ನೆಪದಲ್ಲಿ ಅವನು ಪಾಲಿಶ್ ರೂಮಿನ ಕಿಟಕಿ ಕಡೆ ನೋಡ್ತಿದ್ದ. ದಿನಕ್ಕೆ ಎಷ್ಟು ಕುರ್ಚಿ ಕಾಲು ಸೊಟ್ಟ ಇರೋಕೆ ಸಾಧ್ಯ, ನೀವೇ ಹೇಳಿ.

ನನಗೆ ಕೆಮ್ಮು ಶುರುವಾಗಿ ಎರಡು ತಿಂಗಳಾಗಿತ್ತು. ಅದೇ ರೂಮಲ್ಲಿ ಇಪ್ಪತ್ತು ವರ್ಷ ಪಾಲಿಶ್ ಹೊಡೆದ ಅಮ್ಮ ಈಗ ಮನೇಲಿ ನಾಲ್ಕು ಮೆಟ್ಟಿಲು ಹತ್ತಿದ್ರೆ ಗೋಡೆ ಹಿಡ್ಕೋತಾಳೆ. ಡಾಕ್ಟರ ಹತ್ತಿರ ಒಬ್ಬಳೇ ಹೊರಟಿದ್ದೆ, ಅವನು ಕೇಳದೇನೇ ಜೊತೆಗೆ ಬಂದ. ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಹೇಳಿದ್ರು, "ಹೊಗೆ ಹೊರಗೆ ಹೋಗೋ ಹಾಗೆ ಮಾಡಿಸಿ. ಆಗಲ್ಲ ಅಂದ್ರೆ ಆ ಕೆಲಸ ಬಿಡಿ. ನಿಮ್ಮಮ್ಮನ ದಾರೀಲೇ ಇದ್ದೀರ."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವನಿಗೆ ಅದನ್ನ ಹೇಳ್ದೆ. "ಯಾರಿಗೂ ಹೇಳಬೇಡ. ನನ್ನ ಶ್ವಾಸಕೋಶ ತೋರಿಸಿ ಓಟು ಕೇಳೋಳಲ್ಲ ನಾನು" ಅಂತಾನೂ ಅಂದೆ. ಅವನು ಹೂಂ ಅಂದ. ಬಸ್ಸಲ್ಲಿ ವಾಪಸ್ ಬರೋವರೆಗೂ ಒಂದು ಮಾತೂ ಜಗಳ ಆಡಲಿಲ್ಲ.

ಅಂದ್ರೆ ಆ ಹದಿನೈದು ಜನರಲ್ಲಿ ನನ್ನ ಬಿಟ್ರೆ ವಿಷಯ ಗೊತ್ತಿದ್ದವನು ಅವನೊಬ್ಬನೇ. ಗೊತ್ತಿದ್ದೂ ಕೈ ಎತ್ತಿದ.

"ಇನ್ನೊಂದು ಸಲ ಓಟು ಹಾಕಿಸಿ" ಅಂತ ಮೀಟಿಂಗಲ್ಲೇ ಎದ್ದು ನಿಂತೆ.

ದೊಡ್ಡಕ್ಕ ಕನ್ನಡಕ ಏರಿಸಿ ಪುಸ್ತಕದ ಹಳೇ ಪುಟ ತೆಗೆದ್ರು. "ಒಮ್ಮೆ ತೀರ್ಮಾನ ಆದದ್ದನ್ನ ಮತ್ತೆ ಎತ್ತಬೇಕಾದ್ರೆ ಗೆದ್ದ ಕಡೆಯವರೊಬ್ಬರೇ ಎತ್ತಬೇಕು, ಕಾರಣ ಎಲ್ಲರ ಮುಂದೆ ಹೇಳಬೇಕು. ಈ ನಿಯಮ ತಂದಿದ್ದು ಯಾರು ಗೊತ್ತೇನಮ್ಮಾ? ನೀನೇ."

ಹೌದು, ನಾನೇ. ಕಾಮ್ರೇಡ್ ಪ್ರತಿ ವಾರ ಸೋತು, ಮುಂದಿನ ವಾರ ಅದೇ ವಿಷಯ ಮತ್ತೆ ಎತ್ತಿ ಪ್ರಾಣ ಹಿಂಡ್ತಿದ್ದ ಅಂತ ಎರಡು ವರ್ಷದ ಹಿಂದೆ ಹಟ ಹಿಡಿದು ತಂದಿದ್ದೆ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದಿದ್ದೆ. ಅದಕ್ಕೆ ಇನ್ನೂ ಸಿಟ್ಟು ಬಂತು.

ಮೀಟಿಂಗ್ ಮುಗಿದದ್ದೇ ತಡ, ಹಲಗೆ ಜೋಡಿಸಿಟ್ಟ ಕೋಣೇಲಿ ಅವನನ್ನ ಹಿಡಿದೆ.

"ಯಾಕೆ?"

ಅವನು ಹಲಗೆ ಸವರ್ತಾ ನಿಂತ. "ಕಾರಣ ಇದೆ."

"ಹೇಳು."

"ಹೇಳೋಕಾಗಲ್ಲ."

"ಯಾಕಾಗಲ್ಲ? ಬಾಯಿ ಬಿದ್ದು ಹೋಗಿದೆಯಾ? ನಾಲ್ಕು ವರ್ಷ ಭಾಷಣ ಬಿಗಿಯೋಕೆ ಇತ್ತಲ್ಲ ಬಾಯಿ! ಅಗತ್ಯ ಅಗತ್ಯ ಅಂತ ಬಡ್ಕೊಂಡು, ಅಗತ್ಯ ಎದುರಿಗೆ ಬಂದು ಕೆಮ್ಮಿದಾಗ ಮಷೀನಿಗೆ ಕೈ ಎತ್ತಿದ್ಯಲ್ಲೋ. ನಾಚಿಕೆ ಆಗಲ್ವಾ ನಿನಗೆ?"

"ಆಗತ್ತೆ" ಅಂದ.

ಆ ಒಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. "ಇನ್ನು ನನ್ನ ಹತ್ತಿರ ಮಾತಾಡಬೇಡ. ಸತ್ರೂ ಆಡಬೇಡ" ಅಂದು ಬಾಗಿಲು ದಡಾರ್ ಅಂತ ಹಾಕಿ ಬಂದೆ.

ಆ ವಾರ ಟೀ ಟೈಮಲ್ಲಿ ನನಗೆ ನನ್ನದೇ ನುಂಗೋ ಸದ್ದು ಕೇಳಿಸ್ತಿತ್ತು. ಯಾರೂ ಬೇಗ ಕೈ ತೊಳ್ಕೊಂಡು ಬರಲಿಲ್ಲ. ಅವನು ಕುರ್ಚಿ ಎತ್ತಿ ನೋಡೋದನ್ನೂ ಬಿಟ್ಟ. ನೋಡಲ್ವಾ? ನೋಡಬೇಡ ಹೋಗು. ಹಾಗಂದ್ಕೊಂಡು ನಾನೇ ಕಿಟಕಿ ಹತ್ತಿರ ಹತ್ತು ಸಲ ಹೋಗ್ತಿದ್ದೆ, ಗಾಳಿಗೆ ಅಂತ.

ಮನೇಲಿ ಅಮ್ಮ ಸೊಪ್ಪು ಬಿಡಿಸ್ತಾ ಕೇಳಿದ್ಲು, "ಏನೇ, ಅವನ ಬೈಗುಳ ಇಲ್ಲದೆ ನಿನಗೆ ಅನ್ನ ಇಳೀತಿರಲಿಲ್ಲ. ಈಗ ಐದು ದಿನದಿಂದ ಅವನ ಸುದ್ದೀನೇ ಇಲ್ಲ?"

"ಅವನು ಯಾವನು?"

"ಓಹೋ, ಅಷ್ಟು ದೂರ ಹೋಗಿದೆಯಾ."

"ಅಮ್ಮಾ, ಸುಮ್ಮನಿರ್ತೀಯಾ? ಅವನು ನನಗೆ ಮೋಸ ಮಾಡಿದ."

ಅಮ್ಮ ಏನೋ ಹೇಳೋಕೆ ಹೋಗಿ ಉಸಿರು ಸಾಲದೆ ನಿಲ್ಲಿಸಿದ್ಲು. ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದ ಅವಳನ್ನ ನೋಡಿ ನಾನು ಕಾರ್ಖಾನೆ ಬಿಡೋ ಕಾಗದ ಬರೆದೆ. ಎರಡೇ ಸಾಲು. ನಮ್ಮ ಕೈಯಾರೆ ಬಾಗಿಲು ತೆರೆದ ಕಾರ್ಖಾನೆ ಅದು. ಬರೆದು ಮುಗಿಸೋ ಅಷ್ಟರಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯ್ತಿತ್ತು.

ಶನಿವಾರ ದೊಡ್ಡಕ್ಕ ಪುಸ್ತಕ ತೆಗೆದ ಕೂಡಲೇ ನಾನು ಕಾಗದ ಹಿಡ್ಕೊಂಡು ಎದ್ದೆ. ನನಗಿಂತ ಮುಂಚೆ ಅವನು ಎದ್ದಿದ್ದ.

"ಹೋದ ವಾರದ ಓಟು ಮತ್ತೆ ಎತ್ತಬೇಕು. ನಾನು ಗೆದ್ದ ಕಡೆಯವನು."

"ಕಾರಣ?" ಅಂದ್ರು ದೊಡ್ಡಕ್ಕ.

ಅವನ ಕಿವಿ ಕೆಂಪಾಗಿತ್ತು. "ನಾನು ತಪ್ಪು ಓಟು ಹಾಕಿದೆ. ಇವಳಿಗೆ ಆ ಫ್ಯಾನು ಬೇಕೇ ಬೇಕು ಅಂತ ನನಗೆ ಗೊತ್ತಿತ್ತು. ಆದರೆ ಆ ರೂಮಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ನನ್ನ ಎದೆ ಹಿಂಗೆ ಹೊಡ್ಕೊಳ್ತಿತ್ತಾ ಅಂತ ಕೇಳ್ಕೊಂಡೆ. ಇಲ್ಲ ಅನ್ನಿಸ್ತು. ಇವಳು ಅಂದ್ರೆ ನನಗೆ ಪ್ರಾಣ. ನಾಲ್ಕು ವರ್ಷದಿಂದ. ಪ್ರೀತಿಗೆ ಹಾಕೋ ಓಟು ಕಳ್ಳ ಓಟು ಅನ್ನಿಸ್ತು. ಅದಕ್ಕೆ ಮಷೀನಿಗೆ ಕೈ ಎತ್ತಿದೆ. ನನ್ನ ಕೈ ಇಲ್ಲದೇನೇ ಇವಳಿಗೆ ಎಂಟು ಬರತ್ತೆ ಅಂತ ಲೆಕ್ಕ ಹಾಕಿದ್ದೆ. ಕುಶನ್ ಭಾವ ಆ ಕಡೆ ಹೋಗ್ತಾರೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ."

ಎಲ್ಲರೂ ಕುಶನ್ ಹೊಲಿಯೋ ಗಂಡ ಹೆಂಡತಿ ಕಡೆ ತಿರುಗಿದ್ರು. ಭಾವ ತಲೆ ಕೆರ್ಕೊಂಡ್ರು. "ಅದು... ಅವತ್ತು ಬೆಳಗ್ಗೆ ಮನೇಲಿ ಸ್ವಲ್ಪ ಜಗಳ ಆಗಿತ್ತು. ಇವಳು ಫ್ಯಾನಿಗೆ ಕೈ ಎತ್ತಿದ್ಲು ಅಂತ ನಾನು ಮಷೀನಿಗೆ ಎತ್ತಿದೆ."

"ಥೂ ನಿಮ್ಮ!" ಅಂದ್ರು ಅವರ ಹೆಂಡತಿ.

ನನಗೆ ಏನಾಗಬೇಕಿತ್ತೋ ಅದು ಆಗಲಿಲ್ಲ. ನಾಚಿಕೆ ಬರಬೇಕಿತ್ತು, ಖುಷಿ ಆಗಬೇಕಿತ್ತು. ಪಿತ್ತ ನೆತ್ತಿಗೇರಿತು.

ಅಷ್ಟರಲ್ಲಿ ಎಲ್ಲರಿಗಿಂತ ಹಿರಿಯರಾದ ಬಡಗಿ ಮಾವ ಗಂಟಲು ಸರಿ ಮಾಡ್ಕೊಂಡ್ರು. "ಪ್ರೀತಿ ಅಂತ ಬಾಯಿಬಿಟ್ಟು ಒಪ್ಕೊಂಡ ಮೇಲೆ ಇವನ ಓಟು ಲೆಕ್ಕಕ್ಕೆ ಬರಬಾರದಪ್ಪಾ. ನ್ಯಾಯ ಅಂದ್ರೆ ನ್ಯಾಯ."

"ಮಾವ, ಒಂದು ನಿಮಿಷ" ಅಂದೆ. "ಕೀಸೋ ಮಷೀನು ಬಂದ್ರೆ ನಿಮ್ಮ ಭುಜದ ನೋವು ಕಮ್ಮಿ ಆಗತ್ತೆ. ನೀವು ನಿಮ್ಮ ಭುಜಕ್ಕೆ ಓಟು ಹಾಕಿದ್ರಿ. ಭಾವ ಹೆಂಡತಿ ಮೇಲಿನ ಸಿಟ್ಟಿಗೆ ಹಾಕಿದ್ರು. ಅದೆಲ್ಲ ಎಣಿಕೆಗೆ ಬಂತು. ನನ್ನ ಮೇಲೆ ಒಬ್ಬ ಪ್ರೀತಿ ಇಟ್ರೆ ಅದು ಮಾತ್ರ ಮೈಲಿಗೆನಾ?" ಆಮೇಲೆ ಅವನ ಕಡೆ ತಿರುಗಿದೆ. "ನೀನು! ಯಾರ ಮೇಲೂ ಆಸೆ ಇಲ್ಲದ ಜನ ಬೇಕು ಅಂದ್ರೆ ನಿನ್ನ ಕಮ್ಯುನಿಸಂಗೆ ಈ ಭೂಮಿ ಮೇಲೆ ಒಬ್ಬನೂ ಸಿಗಲ್ಲ. ಇರೋದು ನಾವೇ. ಭುಜ ನೋಯೋರು, ಮನೇಲಿ ಜಗಳ ಆಡೋರು. ನಮ್ಮನ್ನ ಇಟ್ಕೊಂಡು ನಡೆದ್ರೆ ನಡೀತು, ಇಲ್ಲಾಂದ್ರೆ ಇಲ್ಲ. ಕೈ ಶುದ್ಧ ಇಟ್ಕೊಳ್ಳೋಕೆ ನನ್ನ ಉಸಿರೇ ಬೇಕಿತ್ತಾ ನಿನಗೆ?"

ಅವನು ತಲೆ ತಗ್ಗಿಸಿದ.

"ಉಸಿರಾ? ಏನು ಹಂಗಂದ್ರೆ?" ಅಂದ್ರು ದೊಡ್ಡಕ್ಕ.

ಇನ್ನು ಮುಚ್ಚಿಡೋಕೆ ನನ್ನಲ್ಲಿ ಹಟ ಉಳಿದಿರಲಿಲ್ಲ. ಕೈ ಎಣಿಸಿದ್ರೆ ಸಾಕು ಅಂತ ನಾಲ್ಕು ವರ್ಷ ವಾದ ಮಾಡಿದವಳು ನಾನು. ಎಣಿಸೋ ಜನಕ್ಕೆ ವಿಷಯಾನೇ ಹೇಳದೆ ಕೈ ಮಾತ್ರ ಕೇಳಿದ್ದೆ. ಡಾಕ್ಟರು ಅಂದಿದ್ದನ್ನೆಲ್ಲ ಹೇಳ್ದೆ. ಕೈಯಲ್ಲಿದ್ದ ಕಾಗದ ಏನು ಅಂತಾನೂ ಹೇಳ್ದೆ.

"ಬಾಯಲ್ಲಿ ಏನು ಇಟ್ಕೊಂಡಿದ್ದೆ ಹೋದ ವಾರ?" ಅಂತ ಬಡಗಿ ಮಾವ ಗದರಿದ್ರು. "ನಿಮ್ಮಮ್ಮನ ಜೊತೆ ಕೆಲಸ ಮಾಡಿದೋನು ನಾನು. ನನಗಾದ್ರೂ ಹೇಳೋಕೇನಾಗಿತ್ತು ನಿನಗೆ, ಕತ್ತೆ?"

ಓಟು ಆಯ್ತು. ಫ್ಯಾನಿಗೆ ಹನ್ನೊಂದು, ಮಷೀನಿಗೆ ನಾಲ್ಕು. ನನ್ನ ಬೈದ ಮಾವನೂ ಮಷೀನಿಗೇ ಎತ್ತಿದ್ರು. ನೋವು ಅವರದು, ನಾನು ಬೇಜಾರು ಮಾಡ್ಕೊಳ್ಳಲಿಲ್ಲ. ಮಷೀನು ಬರೋವರೆಗೂ ಅವರ ಹಲಗೆ ಸರದಿ ಮೇಲೆ ಉಳಿದವರು ಕೀಸಬೇಕು ಅಂತ ಕಾಮ್ರೇಡ್ ಹೇಳಿದ. ಅದಕ್ಕೆ ಹದಿನೈದೂ ಕೈ ಎದ್ದವು, ಮಾವನದೂ ಸೇರಿ.

ನಾನು ಕಾಗದ ಹರಿದು ಅಂಗಳಕ್ಕೆ ಬಂದೆ. ಹಿಂದೆ ಹೆಜ್ಜೆ ಸದ್ದು. ಅವನು ಎರಡು ಮಾರು ದೂರದಲ್ಲಿ ನಿಂತ, ಹತ್ತಿರ ಬಂದ್ರೆ ಕಚ್ತೀನಿ ಅನ್ನೋ ಹಾಗೆ.

"ಇನ್ನೂ ಸಿಟ್ಟಾ?"

"ಹೂಂ."

"ಗೆದ್ಯಲ್ಲ."

"ಅದಕ್ಕಲ್ಲ." ತಿರುಗಿದೆ. ಬಿಸಿಲು ಅವನ ಮುಖಕ್ಕೇ ಹೊಡೀತಿತ್ತು. "ಹದಿಮೂರು ಜನದ ಮುಂದೆ ಹೇಳ್ದೆ ನೀನು. 'ಇವಳು' ಅಂದೆ, 'ಇವಳಿಗೆ' ಅಂದೆ, ಕುರ್ಚಿ ಬಗ್ಗೆ ಹೇಳೋ ಹಾಗೆ. ಒಂದೇ ಒಂದು ಸಲ ನನ್ನ ಕಡೆ ತಿರುಗಿದ್ಯಾ? ನಾಲ್ಕು ವರ್ಷ ಕಾದವಳು ನಾನು. ಎಲ್ಲರ ಜೊತೆ ಕೂತು ನಾನೂ ಸುದ್ದಿ ಕೇಳಬೇಕಾಯ್ತು."

ಅವನ ಮುಖ ಅರಳಿತು. "ನಾಲ್ಕು ವರ್ಷ ಕಾದ್ಯಾ?"

"ಮಾತು ತಿರುಗಿಸಬೇಡ."

"ಪುಸ್ತಕದಲ್ಲಿ ಬರ್ಕೊಂಡಿದ್ದಾರೆ ದೊಡ್ಡಕ್ಕ. ಬೇಕಾದ್ರೆ ಸಹಿ ಹಾಕಿ ಕೊಡ್ತೀನಿ."

"ಪುಸ್ತಕ ಎಲ್ಲರದ್ದು. ಈ ಕಾರ್ಖಾನೆ ಎಲ್ಲರದ್ದು, ಮಷೀನು ಎಲ್ಲರದ್ದು, ಆ ಹಾಳು ಟೀ ಸಕ್ಕರೇನೂ ಎಲ್ಲರದ್ದು. ಇದೊಂದು ನನಗೆ ಸ್ವಂತ ಬೇಕು. ಹೇಳು ಈಗ."

ಕಿಟಕಿ ತುಂಬ ತಲೆಗಳಿದ್ದವು. ಕುಶನ್ ಭಾವ ಅಂತೂ ಅರ್ಧ ಹೊರಗೇ ಬಂದಿದ್ರು. ಅವನು ಒಮ್ಮೆ ಅವರ ಕಡೆ ನೋಡಿದ, ಆಮೇಲೆ ನೋಡಲಿಲ್ಲ. ಹತ್ತಿರ ಬಂದ. ಗೋಂದು ಅಂಟಿದ ಕೈಯಲ್ಲಿ ನನ್ನ ಕೈ ಹಿಡ್ಕೊಂಡು, ಕಿವಿ ಹತ್ತಿರ ಬಾಗಿ ಹೇಳಿದ.

ಏನು ಹೇಳಿದ ಅಂತ ಕೇಳಬೇಡಿ. ಅದರಲ್ಲಿ ನಿಮಗೆ ಪಾಲಿಲ್ಲ.